ಮುಂಗಾರಿಗೆ ಮುನ್ನ ಮೆಣಸಿನ ಲೆಕ್ಕ

ಬೆಂಗಳೂರಿನ ಅಂಗಡಿಯಲ್ಲಿ ‘ಮೆಣಸು ಕೊಡಿ’ ಎಂದು ಕೇಳಿದರೆ ಕರಿಯ ಕಾಳನ್ನು ತೂಗಿ ಕೊಡುತ್ತಾರೆ. ಮಂಗಳೂರಿನ ಅಂಗಡಿಯಲ್ಲಿ ಅದೇ ಮಾತಿಗೆ ಕೆಂಪು ಕಾಯಿ ಬರುತ್ತದೆ. ಕರಿಯ ಕಾಳು ಬೇಕಾದವರು ಅಲ್ಲಿ ‘ಒಳ್ಳೆಮೆಣಸು’ ಎಂದು ಬಿಡಿಸಿ ಹೇಳಬೇಕು. ತುಳುವಿನಲ್ಲಿ ಕಾಯಿ ‘ಮುಂಚಿ’, ಕಾಳು ‘ಎಡ್ಡೆ ಮುಂಚಿ’. ಎಡ್ಡೆ ಎಂದರೂ ಒಳ್ಳೆಯದು ಎಂದೇ ಅರ್ಥ. ಮಲೆಯಾಳದಲ್ಲೂ ಕಾಳು ‘ನಲ್ಲ ಮುಳಗು’, ಅಂದರೆ ಮತ್ತೆ ಒಳ್ಳೆಯ ಮೆಣಸೇ. ಹೊರಗಿನಿಂದ ಬಂದ ಕಾಯಿ ಹಳೆಯ ಕಾಳಿನ ಹೆಸರನ್ನು ಕಸಿದುಕೊಂಡಾಗ, ಹಳೆಯದಕ್ಕೆ ಸಮಾಧಾನಕ್ಕೆಂಬಂತೆ ‘ಒಳ್ಳೆಯದು’ ಎಂಬ ವಿಶೇಷಣ ದಕ್ಕಿತು. ಬಯಲುಸೀಮೆಯ ಕನ್ನಡಿಗರು ಮಾತ್ರ ಕಾಳಿಗೆ ಹಳೆಯ ಹೆಸರನ್ನೇ ಉಳಿಸಿ, ಹೊಸತನ್ನು ‘ಮೆಣಸಿನಕಾಯಿ’ ಎಂದು ಕರೆದು ಜಗಳ ತೀರಿಸಿದರು.

ಮೆಣಸಿನಕಾಯಿ ಹೊರಗಿನದು ಎಂದರೆ ಇಂದಿಗೂ ನಂಬದವರಿದ್ದಾರೆ. ಅದರ ತವರು ಅಮೆರಿಕ ಖಂಡ. ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕದ ಜನ ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಸಾಗುವಳಿಗೆ ತಂದಿದ್ದರು. 1492ರಲ್ಲಿ ಕೊಲಂಬಸ್ ಹೊರಟದ್ದು ನಮ್ಮ ಕರಿಮೆಣಸನ್ನು ಹುಡುಕಿಕೊಂಡು. ಸಿಕ್ಕಿದ್ದು ಈ ಕಾಯಿ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತು. ಅದಕ್ಕೆ ಮುಂಚಿನ ನಮ್ಮ ಅಡುಗೆಯ ಗ್ರಂಥಗಳಲ್ಲಿ ಅದರ ಸುಳಿವಿಲ್ಲ. 1025ರ ಸುಮಾರಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಯೂ ಇದೆ, ಗಿಡ ಬೆಳೆಸುವ ವೃಕ್ಷಾಯುರ್ವೇದವೂ ಇದೆ, ಮೆಣಸಿನಕಾಯಿ ಇಲ್ಲ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲೂ ಇಲ್ಲ, ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ದಲ್ಲೂ ಇಲ್ಲ. ಅವರ ಖಾರವೆಲ್ಲ ಮೆಣಸು, ಹಿಪ್ಪಲಿ, ಶುಂಠಿ, ಸಾಸಿವೆಗಳದು. ಪುರಂದರದಾಸರ ಹೆಸರಿನಲ್ಲಿ ಪ್ರಚಲಿತವಾಗಿರುವ, ಮೆಣಸಿನಕಾಯಿಯನ್ನು ಕುರಿತ ಪದವೊಂದನ್ನು ಕೊಳ್ಳೇಗಾಲ ಮೂಲದ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ ತಮ್ಮ 1994ರ ಗ್ರಂಥದಲ್ಲಿ ಉದಾಹರಿಸಿದ್ದಾರೆ. ಆ ಪದ ದಾಸರದೇ ಆಗಿದ್ದರೆ, ಅವರು ಕಾಲವಾದ 1564ರೊಳಗೆ ಕಾಯಿ ವಿಜಯನಗರದ ಅಡುಗೆಮನೆ ಹೊಕ್ಕಿತ್ತೆಂದಾಯಿತು.

ಅಷ್ಟು ಬೇಗ ಅದು ಗೆದ್ದದ್ದು ಹೇಗೆ? ರುಚಿಯಿಂದ ಎಂದು ಹೇಳುವುದು ಸುಲಭ. ನಿಜವಾದ ಕಾರಣ ಹಿತ್ತಲಲ್ಲಿದೆ. ಕರಿಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ಹಬ್ಬಲು ಮರ ಬೇಕು, ಫಸಲು ಕಾಣಲು ಮೂರು ವರ್ಷ ಕಾಯುವ ತಾಳ್ಮೆ ಬೇಕು. ಬಯಲುಸೀಮೆಯ ಬಡವನಿಗೆ ಅದು ಯಾವಾಗಲೂ ಕೊಂಡು ತರುವ ಪದಾರ್ಥವಾಗಿತ್ತು. ಮೆಣಸಿನಕಾಯಿಗೆ ಇವಾವುದೂ ಬೇಡ. ಬಚ್ಚಲ ನೀರು ಹರಿಯುವಲ್ಲಿ ನಾಲ್ಕು ಬೀಜ ಉದುರಿಸಿದರೆ ನಾಲ್ಕು ತಿಂಗಳಲ್ಲಿ ಖಾರ ಮನೆಗೆ ಬಂತು. ಖಾರವನ್ನು ಶ್ರೀಮಂತರ ಪೆಟ್ಟಿಗೆಯಿಂದ ಬಿಡಿಸಿ ಎಲ್ಲರ ಮುದ್ದೆಯ ಪಕ್ಕಕ್ಕೆ ತಂದದ್ದು ಈ ಗಿಡದ ಸುಲಭ ಗುಣ. ನೂರಾರು ವರ್ಷ ಅದು ಹಿತ್ತಲ ಬೆಳೆಯಾಗಿಯೇ ಮನೆಯವರ ಜೊತೆ ಬದುಕಿತು. ನಮ್ಮ ಜನ ಅದನ್ನು ಎಷ್ಟು ತಮ್ಮದಾಗಿಸಿಕೊಂಡರೆಂದರೆ, ಮಗುವಿಗೆ ದೃಷ್ಟಿ ತೆಗೆಯಲು ಉಪ್ಪಿನ ಜೊತೆ ನಿವಾಳಿಸುವುದು ಕೂಡ ಈ ಪರದೇಶಿ ಕಾಯನ್ನೇ!

ಈಗ ಹೊಸಹಳ್ಳಿಗೆ ಬರೋಣ. ಮಾಗಡಿ ರಸ್ತೆಯ ಬದಿಯ ಈ ಹಳ್ಳಿಯನ್ನು ನುಂಗಿಕೊಂಡ ಬಡಾವಣೆಯ ಹೆಸರೂ ವಿಜಯನಗರ ಎಂಬುದು ಆಕಸ್ಮಿಕವಾದರೂ ಸೊಗಸಾಗಿದೆ. 2015ರ ನವೆಂಬರ್‌ನಲ್ಲಿ ಇಲ್ಲಿ ಮೆಟ್ರೊ ಓಡತೊಡಗಿದ ಮೇಲೆ, ರೈಲಿನ ಕಿಟಕಿಯಿಂದ ಈ ಭಾಗದ ತಾರಸಿಗಳೆಲ್ಲ ಸಾಲಾಗಿ ಕಾಣಿಸುತ್ತವೆ. ಇಪ್ಪತ್ತು–ಮೂವತ್ತರ ನಿವೇಶನಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಗಳು. ಹಿತ್ತಲಿಗೆ ಜಾಗವೇ ಇಲ್ಲ. ಉಳಿದಿರುವ ಬಿಸಿಲು ಎಂದರೆ ನೀರಿನ ತೊಟ್ಟಿ, ಬಟ್ಟೆ ಒಣಗಿಸುವ ತಂತಿಗಳ ನಡುವಿನ ಒಂದಿಷ್ಟು ತಾರಸಿ. ಅಲ್ಲಲ್ಲಿ ಪೇಂಟ್ ಡಬ್ಬದಲ್ಲಿ ತುಳಸಿ, ಒಡೆದ ಬಕೆಟ್ಟಿನಲ್ಲಿ ದೊಡ್ಡಪತ್ರೆ, ಒಂದೆರಡು ಮೆಣಸಿನ ಗಿಡ. ಹಿತ್ತಲು ಮಹಡಿ ಹತ್ತಿ ಕುಳಿತಿದೆ. ಬೆಂಗಳೂರಿನಲ್ಲಿ ಈ ತಾರಸಿ ತೋಟದ ಹವ್ಯಾಸಕ್ಕೆ ಒಂದು ಚಳವಳಿಯ ರೂಪ ಬಂದು ವರ್ಷಗಳೇ ಆದವು. ‘ಊಟ ಫ್ರಂ ಯುವರ್ ತೋಟ’ ಎಂಬ ಹೆಸರಿನ ಮೇಳ 2011ರಲ್ಲಿ ಶುರುವಾಯಿತು. ಆದರೆ ಬಹುಪಾಲು ಮನೆಗಳಲ್ಲಿ ಮೆಣಸಿನ ಗಿಡ ಇಂದಿಗೂ ಯೋಜನೆಯಿಂದ ಬಂದದ್ದಲ್ಲ, ಒಗ್ಗರಣೆಯ ಕಸದಿಂದ ಎದ್ದದ್ದು. ತಾನಾಗಿ ಎದ್ದ ಗಿಡ ತಾನಾಗಿಯೇ ಮುದುಡಿ ಸಾಯುತ್ತದೆ. ‘ನಮ್ಮ ಕೈಗುಣ ಸರಿಯಿಲ್ಲ’ ಎಂದು ಮನೆಯವರು ಬಿಟ್ಟುಬಿಡುತ್ತಾರೆ. ಕೈಗುಣದ ಮಾತು ಆಮೇಲಿರಲಿ, ಮೊದಲು ಲೆಕ್ಕ ನೋಡೋಣ.

ಎಷ್ಟು ಗಿಡ?

ತಾರಸಿಯಲ್ಲಿ ಮೆಣಸಿನಕಾಯಿ ಬೆಳೆದು ವರ್ಷದ ಸಾರಿನಪುಡಿಗೆ ಆಗುವಷ್ಟು ಒಣಗಿಸಬಹುದೆಂಬ ಆಸೆ ಹಲವರಿಗಿದೆ. ನಾಲ್ಕು ಜನರ ಸಂಸಾರಕ್ಕೆ ವರ್ಷಕ್ಕೆ ಮೂರು ಕಿಲೊ ಒಣ ಮೆಣಸಿನಕಾಯಿ ಬೇಕೆಂದಿಟ್ಟುಕೊಳ್ಳಿ. ಒಂದು ಕಿಲೊ ಒಣಗಿದ್ದಕ್ಕೆ ಸುಮಾರು ನಾಲ್ಕು ಕಿಲೊ ಹಣ್ಣುಗಾಯಿ ಬೇಕು. ಅಲ್ಲಿಗೆ ಹನ್ನೆರಡು ಕಿಲೊ. ಕುಂಡದಲ್ಲಿ ಚೆನ್ನಾಗಿ ಬೆಳೆದ ಗಿಡವೊಂದು ಇಡೀ ಋತುವಿನಲ್ಲಿ ಅರ್ಧ ಕಿಲೊ ಕೊಟ್ಟರೆ ಅದೇ ಪುಣ್ಯ. ಎಂದರೆ 24 ಕುಂಡ. ಹದಿನೈದು ಲೀಟರ್ ಹಿಡಿಯುವ ಒಂದು ಕುಂಡ ನೀರು ಕುಡಿದಾಗ ಹತ್ತಿರ ಹತ್ತಿರ 20 ಕಿಲೊ ತೂಗುತ್ತದೆ. ಒಟ್ಟು ಸುಮಾರು ಅರ್ಧ ಟನ್ನು! ಬಾಡಿಗೆದಾರನಿಗೆ ಮನೆಯ ಮಾಲೀಕರು ಇದಕ್ಕೆ ಒಪ್ಪುವುದು ಕಷ್ಟ. ಹಳೆಯ ತಾರಸಿಯೂ ಒಪ್ಪಲಾರದು.

ಹಸಿ ಕಾಯಿಯ ಲೆಕ್ಕ ಹೀಗಲ್ಲ. ಉಪ್ಪಿಟ್ಟು, ಚಿತ್ರಾನ್ನ, ಕೋಸಂಬರಿ, ಉಪ್ಪುಸಾರಿನ ಖಾರ ಎಲ್ಲ ಸೇರಿ ವಾರಕ್ಕೆ ನೂರು–ನೂರಿಪ್ಪತ್ತು ಗ್ರಾಂ ಸಾಕು. ಕಾಯಿ ಬಿಡುವ ನಾಲ್ಕು ತಿಂಗಳಲ್ಲಿ ಒಂದು ಗಿಡ ವಾರಕ್ಕೆ ಮೂವತ್ತು ಗ್ರಾಂ ಕೊಟ್ಟರೂ ನಾಲ್ಕು ಗಿಡಕ್ಕೆ ಮನೆಯ ಹಸಿಮೆಣಸಿನಕಾಯಿ ನಡೆದುಹೋಗುತ್ತದೆ. ಆದ್ದರಿಂದ ನನ್ನ ಸಲಹೆ ಇಷ್ಟೇ: ನಾಲ್ಕು ಗಿಡ ಹಸಿ ಕಾಯಿಗೆ, ಎರಡು ಬ್ಯಾಡಗಿ, ಒಂದು ಜೀರಿಗೆಮೆಣಸು. ಬಜ್ಜಿ ಪ್ರಿಯರಿದ್ದರೆ ಒಂದು ಬಜ್ಜಿ ಮೆಣಸಿನಕಾಯಿ. ಎಂಟು ಕುಂಡ ದಾಟಬೇಡಿ. ಬ್ಯಾಡಗಿ ಗಿಡ ಎರಡು ಏಕೆ, ಅದರಿಂದ ಪುಡಿ ಆಗುವುದಿಲ್ಲವಲ್ಲ ಎಂದು ಕೇಳಿದರೆ, ಅದರ ಉದ್ದೇಶ ಬೇರೆ. ಅದಕ್ಕೆ ಮುಂದೆ ಬರೋಣ.

ಯಾವ ತಳಿ?

ಹಸಿ ಕಾಯಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯತ್ತ ನೋಡುವುದು ಒಳ್ಳೆಯದು. ಹೊಸಹಳ್ಳಿಯವರಿಗೆ ಅದು ದೂರದ ಊರೇನಲ್ಲ. 1967ರಲ್ಲಿ ಆರಂಭವಾದ ಈ ಸಂಸ್ಥೆಯ ‘ಅರ್ಕ’ ಹೆಸರಿನ ತರಕಾರಿ ತಳಿಗಳನ್ನು ರೈತರು ಬಲ್ಲರು; ಮನೆತೋಟದವರಿಗೆ ಅಷ್ಟಾಗಿ ಪರಿಚಯವಿಲ್ಲ. ‘ಅರ್ಕ ಲೋಹಿತ್’ ಖಾರದ ತಳಿ, ಹಸಿರಿಗೂ ಆಗುತ್ತದೆ, ಕೆಂಪಿಗೂ ಆಗುತ್ತದೆ. ಅದು ಹೈಬ್ರಿಡ್ ಅಲ್ಲ, ಹೀಗಾಗಿ ಅದರ ಬೀಜವನ್ನು ಮನೆಯಲ್ಲೇ ಹಿಡಿದಿಟ್ಟುಕೊಳ್ಳಬಹುದು. ‘ಅರ್ಕ ಮೇಘನ’, ‘ಅರ್ಕ ಹರಿತ’ ಇವು ಹೈಬ್ರಿಡ್‌ಗಳು. ಎಲೆ ಮುದುಡುವ ನಂಜುರೋಗವನ್ನು ತಡೆದುಕೊಳ್ಳಬಲ್ಲ ‘ಅರ್ಕ ತೇಜಸ್ವಿ’, ‘ಅರ್ಕ ಯಶಸ್ವಿ’, ‘ಅರ್ಕ ತನ್ವಿ’, ‘ಅರ್ಕ ಸಾನ್ವಿ’, ‘ಅರ್ಕ ಗಗನ್’ ಎಂಬ ಹೈಬ್ರಿಡ್‌ಗಳನ್ನೂ ಸಂಸ್ಥೆ ಈಚಿನ ವರ್ಷಗಳಲ್ಲಿ ಹೊರತಂದಿದೆ. ಪ್ರತಿ ವರ್ಷ ಗಿಡ ಮುದುಡಿ ಕೈಚೆಲ್ಲಿದವರು ಒಮ್ಮೆ ಇವನ್ನು ಪ್ರಯತ್ನಿಸಬೇಕು. ಹೈಬ್ರಿಡ್ ಎಂದ ಮಾತ್ರಕ್ಕೆ ಮೂಗು ಮುರಿಯುವುದು ಸಲ್ಲ. ಅದರ ಬೀಜದಿಂದ ಮುಂದಿನ ವರ್ಷ ಅದೇ ಗುಣದ ಗಿಡ ಬರುವುದಿಲ್ಲ ಎಂಬುದನ್ನು ನೆನಪಿಟ್ಟರಾಯಿತು.

ಜೀರಿಗೆಮೆಣಸು ಬೇರೆಯೇ ಜಾತಿ. ಸೂಜಿಮೆಣಸು, ಗಾಂಧಾರಿ ಎಂದೂ ಕರೆಯುತ್ತಾರೆ. ಮಲೆನಾಡಿನಲ್ಲಿ ಅದನ್ನು ಯಾರೂ ಬಿತ್ತುವುದಿಲ್ಲ, ಹಕ್ಕಿ ಬಿತ್ತುತ್ತದೆ. ಗಮನಿಸಿ ನೋಡಿ, ಅದರ ಕಾಯಿ ಜೋತು ಬೀಳದೆ ಆಕಾಶಕ್ಕೆ ಮುಖಮಾಡಿ ನಿಂತಿರುತ್ತದೆ. ಪಿಕಳಾರದಂಥ ಹಕ್ಕಿಗಳಿಗೆ ಅದು ಕರೆ. ಖಾರದ ಉರಿಯನ್ನು ನಮ್ಮ ಬಾಯಿಗೆ ತಿಳಿಸುವ ನರದ ತುದಿಯ ಗ್ರಾಹಕವನ್ನು ಗುರುತಿಸಿದ್ದಕ್ಕಾಗಿ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಅದೇ ಗ್ರಾಹಕ ಹಕ್ಕಿಗಳಲ್ಲೂ ಇದೆ. ಆದರೆ ಅದು ಖಾರಕ್ಕೆ ಓಗೊಡುವುದಿಲ್ಲ. ಬೀಜವನ್ನು ಅಗಿದು ಹಾಳುಮಾಡುವ ಇಲಿ ಹೆಗ್ಗಣಗಳಿಗೆ ಖಾರ, ಇಡಿಯಾಗಿ ನುಂಗಿ ದೂರಕ್ಕೆ ಒಯ್ಯುವ ಹಕ್ಕಿಗೆ ಸಪ್ಪೆ. ಗಿಡದ ಜಾಣತನ ಅಂಥದ್ದು. ಈ ಗಿಡ ಅರೆನೆರಳನ್ನೂ ಸಹಿಸುತ್ತದೆ, ಎರಡು ಮೂರು ವರ್ಷ ಬಾಳುತ್ತದೆ. ಎದುರು ಮನೆ ನಾಲ್ಕು ಮಹಡಿ ಎದ್ದು ಬಿಸಿಲು ಕಸಿದಿದ್ದರೆ ಇದೊಂದೇ ನಿಮಗೆ ಗತಿ.

ಯಾವಾಗ?

ಬೆಂಗಳೂರಿನಲ್ಲಿ ಮೆಣಸಿನ ಗಿಡವನ್ನು ವರ್ಷದ ಯಾವ ತಿಂಗಳಲ್ಲಾದರೂ ನೆಡಬಹುದು ಎಂದು ನರ್ಸರಿಯವರು ಹೇಳುತ್ತಾರೆ. ಗಿಡ ಬದುಕುತ್ತದೆ, ನಿಜ. ಕಾಯಿಯ ಮಾತು ಬೇರೆ. ಹಗಲಿನ ಬಿಸಿಲು 35 ಡಿಗ್ರಿ ದಾಟಿದರೆ ಹೂವು ಕಚ್ಚದೆ ಉದುರುತ್ತದೆ. ಏಪ್ರಿಲ್‌ನಲ್ಲಿ ಬೆಂಗಳೂರು ಈಗ ಸಲೀಸಾಗಿ ಆ ಗೆರೆ ದಾಟುತ್ತದೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು. ಕಾದ ಸಿಮೆಂಟಿನ ತಾರಸಿಯ ಮೇಲೆ ಇನ್ನೂ ಹೆಚ್ಚು. ಜನವರಿಯಲ್ಲಿ ಸಸಿ ತಂದು ನೆಟ್ಟವರ ಗಿಡ ಸರಿಯಾಗಿ ಹೂ ಬಿಡುವ ಹೊತ್ತಿಗೆ ಈ ಬೇಗೆ ಎದುರಾಗುತ್ತದೆ.

ನಮ್ಮ ರೈತರ ಮಳೆ ನಕ್ಷತ್ರದ ಪಂಚಾಂಗ ತಾರಸಿಗೂ ಹೊಂದುತ್ತದೆ. ಭರಣಿ, ಕೃತ್ತಿಕೆಯ ಗುಡುಗು ಮಳೆ ನೆಲವನ್ನು ತಣಿಸಿದ ಮೇಲೆ, ಮೇ 25ರ ಸುಮಾರಿಗೆ ರೋಹಿಣಿ ಹುಟ್ಟುತ್ತಲೇ ಬೀಜ ಒಟ್ಟಲು ಹಾಕುವುದು. ಎಂಟು ಹನ್ನೆರಡು ದಿನಕ್ಕೆ ಮೊಳಕೆ. ನಲವತ್ತು ದಿನಕ್ಕೆ ಸಸಿ ಗೇಣುದ್ದ ಬರುತ್ತದೆ. ಜುಲೈ ಮೊದಲ ವಾರ, ಪುನರ್ವಸುವಿನಲ್ಲಿ ಕುಂಡಕ್ಕೆ ನಾಟಿ. ಆಗಸ್ಟ್ ಮಧ್ಯದಲ್ಲಿ ಹೂವು, ಸೆಪ್ಟೆಂಬರ್ ಮಧ್ಯದಿಂದ ಹಸಿ ಕಾಯಿ. ನಗರದಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಆಗ ಗಿಡದ ಮೇಲೆ ಹಣ್ಣಾದ ಕಾಯಿಗೆ ಕಪ್ಪು ಕಲೆ ಬಿದ್ದು ಕೊಳೆಯುವ ಚಿಬ್ಬು ರೋಗ ತಗುಲುತ್ತದೆ. ಆದ್ದರಿಂದ ಮಳೆಗಾಲ ಮುಗಿಯುವವರೆಗೆ ಕಾಯನ್ನು ಹಸಿರಿರುವಾಗಲೇ ಕಿತ್ತುಬಿಡಬೇಕು. ಸ್ವಾತಿ, ವಿಶಾಖ ಕಳೆದು ಚಳಿ ಬಿದ್ದ ಮೇಲೆ ಕಚ್ಚಿದ ಕಾಯನ್ನು ಮಾತ್ರ ಕೆಂಪಾಗಲು ಬಿಡಬೇಕು. ಹಾವೇರಿ, ಗದಗ, ಧಾರವಾಡದ ಕರಿನೆಲದಲ್ಲಿ ಮಳೆಯಾಶ್ರಯದ ಬ್ಯಾಡಗಿ ಬೆಳೆಯ ಕ್ರಮವೂ ಇದೇ: ಮಳೆಗಾಲದಲ್ಲಿ ನಾಟಿ, ಚಳಿಗಾಲದ ಒಣ ಹವೆಯಲ್ಲಿ ಕೊಯ್ಲು.

ಆಷಾಢದ ಗಾಳಿಯನ್ನು ಮರೆಯಬಾರದು. ಎಳೆ ಸಸಿಯನ್ನು ತಾರಸಿಯ ನಡುವೆ ಇಟ್ಟರೆ ಪಶ್ಚಿಮದ ಗಾಳಿ ಅದನ್ನು ಅಲ್ಲಾಡಿಸಿ ಬೇರು ಸಡಿಲಿಸುತ್ತದೆ. ಪಡುವಣ ಪ್ಯಾರಾಪೆಟ್ ಗೋಡೆಯ ಮರೆಯಲ್ಲಿಟ್ಟು, ಒಂದು ಕಡ್ಡಿ ಊರಿ ಸಡಿಲವಾಗಿ ಕಟ್ಟಬೇಕು. ಜಾಗದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜೂನ್‌ನಲ್ಲಿ ಸೂರ್ಯ ನಮ್ಮ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ, ಡಿಸೆಂಬರ್‌ಗೆ ದಕ್ಷಿಣಕ್ಕೆ ಜಾರಿರುತ್ತಾನೆ. ನೀರಿನ ತೊಟ್ಟಿಯ ಉತ್ತರಕ್ಕಿಟ್ಟ ಕುಂಡಕ್ಕೆ ನಾಟಿಯ ದಿನ ಭರ್ತಿ ಬಿಸಿಲಿದ್ದು, ಕಾಯಿ ಕೆಂಪಾಗುವ ಕಾಲಕ್ಕೆ ಪೂರ್ತಿ ನೆರಳು ಕವಿಯುತ್ತದೆ. ಬ್ಯಾಡಗಿಯನ್ನು ತೊಟ್ಟಿಯ ದಕ್ಷಿಣಕ್ಕೋ ಪೂರ್ವಕ್ಕೋ ಇಡಿ.

ಮಣ್ಣಿನ ವಿಷಯ ಹೆಚ್ಚು ಹೇಳಬೇಕಾದ್ದಿಲ್ಲ. ಕೆಮ್ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು; ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಕುಂಡ ಹನ್ನೆರಡು ಅಂಗುಲ ಅಗಲ, ಅಷ್ಟೇ ಆಳ. ಒಂದರಲ್ಲಿ ಒಂದೇ ಗಿಡ. ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರೆ ನೀರು ಹರಿಯುತ್ತದೆ, ತಾರಸಿಯೂ ತೇವ ಹಿಡಿಯುವುದಿಲ್ಲ. ಭಾರವನ್ನು ನಡುತಾರಸಿಗೆ ಹಾಕದೆ ಗೋಡೆಯ ಅಂಚಿಗೆ ಇಡಬೇಕು. ಕಳೆದ ವರ್ಷ ಟೊಮೆಟೊ ಅಥವಾ ಬದನೆ ಬೆಳೆದ ಮಣ್ಣನ್ನು ಮಾತ್ರ ಬಳಸಬೇಡಿ. ಮೂರೂ ಒಂದೇ ಕುಟುಂಬದವು, ಒಂದರ ಸೊರಗು ರೋಗ ಇನ್ನೊಂದಕ್ಕೆ ಕಾದು ಕೂತಿರುತ್ತದೆ.

ನೀರಿನ ಮಾತು ಮಾತ್ರ ಹಗುರವಲ್ಲ. 2024ರ ಬೇಸಿಗೆಯನ್ನು ಯಾರೂ ಮರೆತಿರಲಾರರು. ಆ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಗಿಡಕ್ಕೆ ನೀರೆರೆಯುವುದು ಅಪರಾಧವಾದ ಆ ದಿನಗಳಲ್ಲಿ ಎಷ್ಟೋ ತಾರಸಿ ತೋಟಗಳು ಒಣಗಿಹೋದವು. ರೋಹಿಣಿಯಲ್ಲಿ ಶುರುವಾಗುವ ಯೋಜನೆಯ ಲಾಭ ಇಲ್ಲೂ ಇದೆ: ಗಿಡದ ಆಯುಷ್ಯದ ಮುಕ್ಕಾಲು ಭಾಗ ಮಳೆ, ಚಳಿಯಲ್ಲೇ ಕಳೆಯುತ್ತದೆ. ಬಿಸಿಲಿದ್ದ ದಿನ ಒಂದು ಗಿಡಕ್ಕೆ ಒಂದು, ಒಂದೂವರೆ ಲೀಟರ್. ಎಂಟು ಗಿಡಕ್ಕೆ ಒಂದು ಬಕೆಟ್ಟು ಎಂದಾಯಿತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಹಿಡಿದಿಟ್ಟರೆ ಅದು ಅಡುಗೆಮನೆಯಲ್ಲೇ ಹುಟ್ಟುತ್ತದೆ. ಹಳೆಯ ಹಿತ್ತಲಿನ ಬಚ್ಚಲ ನೀರಿನ ವ್ಯವಸ್ಥೆಯೂ ಇದೇ ಅಲ್ಲವೆ? ಆದರೆ ಆರ್‌ಓ ಯಂತ್ರ ಹೊರಚೆಲ್ಲುವ ನೀರನ್ನು ದಿನವೂ ಸುರಿಯಬಾರದು. ಕೊಳವೆಬಾವಿಯ ಲವಣವೆಲ್ಲ ಅದರಲ್ಲಿ ಮಡುಗಟ್ಟಿರುತ್ತದೆ. ಕುಂಡದ ಮೇಲ್ಮಣ್ಣು ಬಿಳಿ ಹಪ್ಪಳದಂತಾದರೆ ಅದೇ ಕಾರಣ. ಒಣ ಎಲೆಯನ್ನೋ ತೆಂಗಿನ ನಾರನ್ನೋ ಬುಡಕ್ಕೆ ಹೊದಿಸಿದರೆ ತೇವ ಇನ್ನಷ್ಟು ಹೊತ್ತು ಉಳಿಯುತ್ತದೆ. ಒಂದು ಸ್ವಾರಸ್ಯವೆಂದರೆ, ಕಾಯಿ ಬಲಿಯುವಾಗ ನೀರು ತುಸು ಕಡಿಮೆಯಾದರೆ ಖಾರ ಹೆಚ್ಚುತ್ತದೆ. ಆ ಖಾರ ಇರುವುದು ನಾವು ಅಂದುಕೊಂಡಂತೆ ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ.

ಮುಟುರು

ಮೆಣಸು ಬೆಳೆದವರಿಗೆಲ್ಲ ಗೊತ್ತಿರುವ ಒಂದು ಶಬ್ದ ‘ಮುಟುರು’. ಚಿಗುರೆಲೆ ಮುದುಡಿ, ಗಿಡ ಕುಗ್ಗಿ, ಹೂವು ನಿಲ್ಲುವುದು. ಒಂದೇ ರೋಗವೆಂದು ಎಲ್ಲರೂ ತಿಳಿದಿರುವ ಇದರ ಹಿಂದೆ ಮೂವರು ಅಪರಾಧಿಗಳಿದ್ದಾರೆ. ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ನುಸಿ. ಕವುಚಿ ಹಾಕಿದ ದೊನ್ನೆಯಂತೆ ಕೆಳಕ್ಕೆ ಬಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎಲೆ ಹಳದಿಯಾಗಿ, ಚಿಕ್ಕದಾಗಿ, ಗಿಡವಿಡೀ ಪೊದೆಗಟ್ಟಿದರೆ ಬಿಳಿನೊಣ ತಂದ ನಂಜುರೋಗ. ಮೊದಲೆರಡಕ್ಕೆ ಉಪಾಯವಿದೆ: ಎಲೆಯ ಅಡಿಗೆ ನೀರು ಚಿಮುಕಿಸಿ ತೊಳೆಯುವುದು, ಲೀಟರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ನಾಲ್ಕು ಹನಿ ಸೋಪು ದ್ರಾವಣದೊಡನೆ ಕದಡಿ ಸಂಜೆ ಸಿಂಪಡಿಸುವುದು. ಮೂರನೆಯದಕ್ಕೆ ಮದ್ದಿಲ್ಲ. ಗಿಡವನ್ನು ಕಿತ್ತು ಚೀಲಕ್ಕೆ ಹಾಕಿ ಕಟ್ಟಬೇಕು. ಇಲ್ಲಿ ಮನಸ್ಸು ಮೆತ್ತಗಾದರೆ ಉಳಿದ ಏಳೂ ಹೋಗುತ್ತವೆ.

ಹೆಚ್ಚಿನ ಮನೆಗಳಲ್ಲಿ ನಂಜು ತಗುಲುವುದು ಸಸಿಯಾಗಿದ್ದಾಗಲೇ. ಲಕ್ಷಣ ತೋರುವುದು ತಿಂಗಳ ಮೇಲೆ. ಅದಕ್ಕಾಗಿಯೇ ಸಂಶೋಧನಾ ಸಂಸ್ಥೆಗಳು ಸಸಿಮಡಿಗೆ ನೈಲಾನ್ ಪರದೆ ಹೊದಿಸಲು ರೈತರಿಗೆ ಹೇಳುವುದು. ಮನೆಯಲ್ಲಿ ಹಳೆಯ ಸೊಳ್ಳೆಪರದೆಯ ತುಂಡೊಂದನ್ನು ಕಡ್ಡಿಗಳ ಮೇಲೆ ಇಳಿಬಿಟ್ಟರೆ ದೊಡ್ಡ ನೊಣಗಳಿಗಾದರೂ ತಡೆ. ತೆಳುವಾದ ವೇಲ್ ಬಟ್ಟೆ ಇನ್ನೂ ಮೇಲು.

ಥ್ರಿಪ್ಸ್ ವಿಷಯದಲ್ಲಿ ಬೆಂಗಳೂರಿಗೆ ಒಂದು ಅಪಕೀರ್ತಿಯೂ ಅಂಟಿದೆ. ಆಗ್ನೇಯ ಏಷ್ಯಾ ಮೂಲದ ‘ಥ್ರಿಪ್ಸ್ ಪಾರ್ವಿಸ್ಪೈನಸ್’ ಎಂಬ ಕಪ್ಪು ನುಸಿ ಭಾರತದಲ್ಲಿ ಮೊದಲು ವರದಿಯಾದದ್ದು ಇಲ್ಲಿಂದಲೇ, 2015ರಲ್ಲಿ, ಪಪ್ಪಾಯಿ ಗಿಡದ ಮೇಲೆ. ಆರು ವರ್ಷ ಸದ್ದಿಲ್ಲದೆ ಇದ್ದ ಅದು 2021–22ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳ ಮೇಲೆ ಎರಗಿತು. ಎಲೆಗಿಂತ ಹೂವಿಗೇ ಕೈಹಾಕುವ ಹುಳು ಅದು. ಹೂವೆಲ್ಲ ಉದುರಿ ರೈತರು ನಿಂತ ಬೆಳೆಯನ್ನು ಉತ್ತು ಹಾಕಿದರು. ತಾರಸಿಯ ಗಿಡದ ಹೂವನ್ನು ಬಿಳಿ ಕಾಗದದ ಮೇಲೆ ಮೆಲ್ಲಗೆ ತಟ್ಟಿ ನೋಡಿ. ಓಡಾಡುವ ಕಪ್ಪು ಗೆರೆಯಂಥ ಕಣಗಳು ಕಂಡರೆ ಅತಿಥಿ ಬಂದಿದ್ದಾನೆ ಎಂದು ತಿಳಿಯಬಹುದು.

ಎರಡು ಕುಂಡ ಬ್ಯಾಡಗಿ ಏಕೆ?

ಬ್ಯಾಡಗಿ ಎಂದರೆ ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ದೇಶದ ದೊಡ್ಡ ಮೆಣಸಿನಕಾಯಿ ಮಾರುಕಟ್ಟೆಗಳಲ್ಲೊಂದು. ಅದರ ಹೆಸರು ಹೊತ್ತ ಕಾಯಿಯ ಹಿರಿಮೆ ಖಾರದಲ್ಲಿಲ್ಲ, ಬಣ್ಣದಲ್ಲಿದೆ. ಬಿಸಿಬೇಳೆಬಾತಿಗೆ, ಹುಳಿಪುಡಿಗೆ ಆ ಕೆಂಪು ಬರುವುದು ಅದರಿಂದ. ಅದರ ಬಣ್ಣದ ಸತ್ವವನ್ನು ಹಿಂಡಿ ತೆಗೆದು ಸೌಂದರ್ಯ ಸಾಧನಗಳಿಗೂ ಬಳಸುತ್ತಾರೆ. ಉದ್ದಕ್ಕೆ, ಸಪೂರವಾಗಿ, ಸುಕ್ಕುಗಟ್ಟಿರುವುದು ‘ಕಡ್ಡಿ’. ಗಿಡ್ಡಕ್ಕೆ ದಪ್ಪಗಿರುವುದು ‘ಡಬ್ಬಿ’. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ಹೆಸರಿಗೆ ಮಾನ್ಯತೆ ಸಿಕ್ಕರೂ ಬೀಜ ಹೊಲದಿಂದ ಜಾರುತ್ತಿದೆ. ನಾಟಿ ಬ್ಯಾಡಗಿಯ ಇಳುವರಿ ಕಡಿಮೆ, ಮುಟುರು ಬೇಗ ತಗುಲುತ್ತದೆ. 2043 ಮುಂತಾದ ಸಂಖ್ಯೆಗಳಿಂದ ಕರೆಯುವ ಹೈಬ್ರಿಡ್‌ಗಳು ನೀರಾವರಿಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಡುತ್ತವೆ, ಸುಕ್ಕಿನಲ್ಲೂ ಬಣ್ಣದಲ್ಲೂ ಅದನ್ನೇ ಹೋಲುತ್ತವೆ. ಪೇಟೆಯಲ್ಲಿ ಎರಡೂ ಬ್ಯಾಡಗಿಯೇ. 2024ರ ಮಾರ್ಚ್ 11ರಂದು ಬೆಲೆ ಕುಸಿದಾಗ ಬ್ಯಾಡಗಿಯ ಮಾರುಕಟ್ಟೆಯಲ್ಲಿ ರೊಚ್ಚಿಗೆದ್ದ ರೈತರು ಕಚೇರಿಗೆ ನುಗ್ಗಿದ್ದನ್ನು, ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಸಾಲ ಮಾಡಿ ಬಿತ್ತಿದವನಿಗೆ ಕ್ವಿಂಟಲ್ ಲೆಕ್ಕ ಬಿಟ್ಟು ಬೇರೆ ಲೆಕ್ಕ ಹಾಕಲು ಎಡೆಯಿಲ್ಲ. ‘ನಾಟಿ ಬೀಜವನ್ನೇ ಬೆಳೆಯಿರಿ, ಪರಂಪರೆ ಉಳಿಸಿರಿ’ ಎಂದು ಅವನಿಗೆ ನಗರದವರು ಉಪದೇಶ ಮಾಡುವುದು ಅನ್ಯಾಯ.

ಹೊಸಹಳ್ಳಿಯ ತಾರಸಿಗೆ ಆ ಕಟ್ಟುಪಾಡಿಲ್ಲ. ಇಲ್ಲಿನ ಗಿಡ ಯಾರ ಸಾಲವನ್ನೂ ತೀರಿಸಬೇಕಾಗಿಲ್ಲ. ಅರ್ಧ ಕಿಲೊದ ಬದಲು ಕಾಲು ಕಿಲೊ ಕೊಟ್ಟರೆ ಮನೆಯವರೇನೂ ಉಪವಾಸ ಬೀಳುವುದಿಲ್ಲ. ಹೊಲ ಭರಿಸಲಾರದ ತಳಿಯನ್ನು ಕುಂಡ ಭರಿಸಬಲ್ಲದು. ನಾಲ್ಕಾರು ಕುಂಡಗಳಿಂದ ಒಂದು ತಳಿಯ ವೈವಿಧ್ಯವೆಲ್ಲ ಉಳಿಯುತ್ತದೆಂದು ಹೇಳಿದರೆ ಅತಿಯಾದೀತು. ಅದಕ್ಕೆ ನೂರಾರು ಗಿಡಗಳ ಬೀಜ ಬೇಕು, ಸಂಶೋಧನಾ ಕೇಂದ್ರಗಳ ಶೀತಾಗಾರ ಬೇಕು. ಆದರೆ ನಾಟಿ ಕಡ್ಡಿಯ ಹಣ್ಣು ಹೇಗಿರುತ್ತದೆ, ಹುರಿದಾಗ ಅದರ ಘಮ ಎಂಥದ್ದು ಎಂಬ ತಿಳಿವಳಿಕೆ ಬೀಜದೊಡನೆ ಹತ್ತು ಮನೆಗಳಲ್ಲಿ ಉಳಿದರೂ, ಪೇಟೆಯಲ್ಲಿ ಬ್ಯಾಡಗಿ ಎಂದು ಕೊಡುವುದನ್ನು ಕೈಯಲ್ಲಿ ಹಿಡಿದು ಪ್ರಶ್ನಿಸುವ ಗಿರಾಕಿಗಳು ಹತ್ತು ಮಂದಿಯಾದರು. ನಾಟಿ ಬೆಳೆದ ರೈತನಿಗೆ ಎರಡು ಕಾಸು ಹೆಚ್ಚು ಸಿಗುವುದಾದರೆ ಅಂಥ ಗಿರಾಕಿಗಳಿಂದಲೇ ಸಿಗಬೇಕು.

ಬೀಜ ಎಲ್ಲಿಂದ? ಡಬ್ಬಿಯಲ್ಲಿರುವ ಒಣ ಮೆಣಸಿನಕಾಯಿಯ ಬೀಜ ಮೊಳೆಯುತ್ತದೆ. ಆದರೆ ಅದು ಹೈಬ್ರಿಡ್‌ನದಾಗಿದ್ದರೆ ಒಂದೊಂದು ಗಿಡ ಒಂದೊಂದು ತರ ಬರುತ್ತದೆ. ಶೀತಲಗೃಹದಲ್ಲಿ ವರ್ಷಗಟ್ಟಲೆ ಕಳೆದದ್ದಾದರೆ ಮೊಳಕೆಯೂ ವಿರಳ. ಸಹಜ ಸಮೃದ್ಧದಂಥ ಸಂಸ್ಥೆಗಳು ನಡೆಸುವ ಬೀಜಮೇಳಗಳಲ್ಲಿ ನಾಟಿ ತರಕಾರಿ ಬೀಜ ದೊರೆಯುತ್ತದೆ. ಹಾವೇರಿ, ಗದಗದ ಕಡೆ ನೆಂಟರಿದ್ದರೆ ಅವರ ಮನೆಯ ಮುಂದಿನ ಕಣದಿಂದ ತೊಟ್ಟು ಸಮೇತ ನಾಲ್ಕು ಕಾಯಿ ತರಿಸುವುದು ಎಲ್ಲಕ್ಕಿಂತ ಖಚಿತ.

ಹಾಗೆ ತಂದ ಬೀಜವನ್ನು ಕೆಡದಂತೆ ಉಳಿಸುವುದಕ್ಕೆ ಒಂದು ಎಚ್ಚರ ಬೇಕು. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದರೂ ಜೇನು ನೊಣಗಳು ಒಂದು ಗಿಡದಿಂದ ಇನ್ನೊಂದಕ್ಕೆ ಪರಾಗ ಒಯ್ಯುವುದು ಕಡಿಮೆಯೇನಲ್ಲ. ಪಕ್ಕದಲ್ಲೇ ಅರ್ಕ ಲೋಹಿತ್, ಬಜ್ಜಿ ಮೆಣಸಿನಕಾಯಿ ಇರುವಾಗ ಬ್ಯಾಡಗಿಯ ಬೀಜ ಕಲಬೆರಕೆಯಾಗದೆ ಇರದು. ಉಪಾಯ ಸರಳ. ನವೆಂಬರ್‌ನಲ್ಲಿ ನಾಲ್ಕೈದು ಮೊಗ್ಗಿರುವ ಒಂದು ರೆಂಬೆಯನ್ನು, ಹೂವು ಅರಳುವ ಮೊದಲೇ, ತೆಳುಬಟ್ಟೆಯ ಚೀಲದಲ್ಲಿ ಮುಚ್ಚಿ ಬಾಯಿ ಕಟ್ಟಬೇಕು. ದಿನಕ್ಕೊಮ್ಮೆ ಮೆಲ್ಲಗೆ ಅಲುಗಿಸಬೇಕು. ಈಚು ಕಚ್ಚಿದ ಮೇಲೆ ಚೀಲ ತೆಗೆದು ಆ ಕಾಯಿಗಳ ತೊಟ್ಟಿಗೆ ಬಣ್ಣದ ದಾರ ಕಟ್ಟಿ ಗುರುತಿಟ್ಟರೆ, ಮನೆಯಲ್ಲಿ ಯಾರೂ ಅವನ್ನು ಒಗ್ಗರಣೆಗೆ ಕೀಳುವುದಿಲ್ಲ. ಜನವರಿಯಲ್ಲಿ ಅವು ಗಿಡದ ಮೇಲೆಯೇ ಸುಕ್ಕುಗಟ್ಟುವವರೆಗೆ ಬಿಟ್ಟು, ಕಿತ್ತು, ನೆರಳಲ್ಲಿ ಒಣಗಿಸಿ ಬೀಜ ಬಿಡಿಸಬೇಕು. ಬರಿಗೈಯಲ್ಲಿ ಬಿಡಿಸಿ ಕಣ್ಣುಜ್ಜಿಕೊಳ್ಳಬೇಡಿ. ಒಲೆಯ ಬೂದಿ ಸಿಕ್ಕರೆ ಅದರಲ್ಲಿ ಹೊರಳಿಸಿ, ಸಿಗದಿದ್ದರೆ ಹಾಗೆಯೇ, ಕಾಗದದ ಪೊಟ್ಟಣ ಕಟ್ಟಿ ಗಾಜಿನ ಶೀಶೆಯಲ್ಲಿಟ್ಟು, ಮೇಲೆ ತಳಿಯ ಹೆಸರು, ಯಾರ ಮನೆಯಿಂದ ಬಂತು ಎಂಬುದು, ವರ್ಷ ಬರೆದಿಡಿ. ಎರಡು ವರ್ಷ ದಾಟಿದ ಬೀಜದ ಮೊಳಕೆ ಇಳಿಯುತ್ತದೆ. ಹಾಗಾಗಿ ಅರ್ಧವನ್ನು ಬರುವ ರೋಹಿಣಿಗೆ ಒಟ್ಟಲು ಹಾಕಿ, ಉಳಿದರ್ಧವನ್ನು ಪಕ್ಕದ ತಾರಸಿಯವರಿಗೆ ಕೊಡುವುದು ವಾಸಿ. ಒಂದು ವರ್ಷ ನಿಮ್ಮ ಗಿಡಕ್ಕೆ ಮುಟುರು ಬಿದ್ದರೆ ಬೀಜ ಕೇಳಲು ಒಂದು ಮನೆ ಇರುತ್ತದೆ.